ಕೊತ್ತಗೆರೆಯ ಪ್ಲೇಟು

ಅಲಮೇಲಮ್ಮ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಗುಬ್ಬಿಗಾಗಲಿ ಮದರಾಸಿಗಾಗಲಿ, ಊರಿನವರು ಯಾರೇ ಟ್ರಂಕ್ ಕಾಲ್ ಮಾಡಿದರೂ ಅದು ಅವಳಂಥ ನಾಲ್ಕೈದು ಹೆಂಗಸರ ಕೈ ದಾಟಿಯೇ ಹೋಗಬೇಕಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅಪ್ಪನ ಕಾಯಿಲೆ ಅಡ್ಡ ಬಂತು. ಅಪ್ಪ ಹೋದ ಮೇಲೆ ಆ ಮಾತೆತ್ತುವವರೇ ಇರಲಿಲ್ಲ. ಅದಕ್ಕೆ ಅವಳೇನೂ ಕೊರಗಿದವಳಲ್ಲ. ಅವಳಿಗೆ ಬೇರೆಯದೇ ಹುಚ್ಚು ಹಿಡಿದಿತ್ತು.

ಅಪ್ಪ ವೆಂಕಟೇಶಯ್ಯ ಗುಬ್ಬಿ ಕಡೆಯ ಸಣ್ಣದೊಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಎಪ್ಪತ್ತನೇ ಇಸವಿಯಲ್ಲಿ ತೀರಿಕೊಂಡಾಗ ಮಗಳಿಗೆ ಬಿಟ್ಟುಹೋದದ್ದು ಒಂದು ಕೈಪೆಟ್ಟಿಗೆ ಗ್ರಾಮಫೋನು, ಹದಿನಾಲ್ಕು ಪ್ಲೇಟು. ಹದಿಮೂರರಲ್ಲಿ ಕಂಪನಿ ನಟರ ಹಾಡು. ಒಂದರಲ್ಲಿ ಮಾತ್ರ ಅಪ್ಪನ ಹಾರ್ಮೋನಿಯಂ ಒಂದೇ. ಮೂರು ನಿಮಿಷ ನುಡಿಸಿ, ಕೊನೆಗೆ ಅವರೇ ಗಂಟಲು ಸರಿಮಾಡಿಕೊಂಡು, "ಹಾರ್ಮೋನಿಯಂ ವೆಂಕಟೇಶಯ್ಯ, ಗುಬ್ಬಿ" ಎನ್ನುತ್ತಿದ್ದರು. ಆ ಕಾಲದಲ್ಲಿ ಹಾಗೆ ಹೆಸರು ಹೇಳುವ ಪದ್ಧತಿಯಿತ್ತು. ಅಪ್ಪನ ದನಿ ಅಂತ ಲೋಕದಲ್ಲಿ ಉಳಿದದ್ದು ಆ ಮೂರು ಮಾತು.

ಅಲ್ಲಿಂದ ಶುರುವಾಯಿತು. ಭಾನುವಾರ ಬಂತೆಂದರೆ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದಳು. ಗುಬ್ಬಿ, ಸಿ.ಎಸ್. ಪುರ, ಕುಣಿಗಲ್, ಎಲ್ಲಿ ಹಳೇ ನಾಟಕದ ಪ್ಲೇಟಿದೆ ಅಂದರೂ ಅಲ್ಲಿಗೆ. ಒಂದು ಮನೆಯಲ್ಲಿ ಪ್ಲೇಟು ಉಪ್ಪಿನಕಾಯಿ ಜಾಡಿಗೆ ಮುಚ್ಚಳವಾಗಿತ್ತು. ಜಾಡಿಗೆ ಬೇರೆ ಮುಚ್ಚಳ ತಂದುಕೊಟ್ಟು ಅದನ್ನು ಬಿಡಿಸಿಕೊಂಡಳು. ಹತ್ತು ವರ್ಷದಲ್ಲಿ ನಾನೂರು ಪ್ಲೇಟು ಸೇರಿದವು. ಒಂದೊಂದನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಹಾಡಿದವರ ಹೆಸರು ಬರೆದು ಇಡುತ್ತಿದ್ದಳು.

ಎಂಬತ್ತೊಂದರಲ್ಲಿ ಚಿಕ್ಕಪೇಟೆಯ ರೇಡಿಯೋ ಅಂಗಡಿಯ ಯೋಗನರಸಿಂಹ ಮನೆಗೆ ಬಂದ. ಸಫಾರಿ ಸೂಟು, ಬೆಣ್ಣೆಯಂಥ ಮಾತು. ಹಳೇ ಪ್ಲೇಟುಗಳನ್ನು ಕ್ಯಾಸೆಟ್ಟಿಗೆ ಇಳಿಸಿ, ಪೆಟ್ಟಿಗೆ ಕಟ್ಟಿ ಮಾರುವ ಮದರಾಸಿನ ಕಂಪನಿಯೊಂದರ ಜೊತೆ ಮಾತಾಡಿದ್ದೇನೆ ಅಂದ.

"ನಿಮ್ಮ ತಂದೆಯವರ ದನಿ ಮನೆಮನೇಲೂ ಕೇಳ್ಬೇಕು ಮೇಡಂ. ಒಂದೇ ತಿಂಗಳು. ಪ್ಲೇಟು ಹಾಗೇ ವಾಪಸ್ ತಂದು ಕೊಡ್ತೀನಿ."

ಅವಳ ಬಳಿ ಟೇಪ್ ರೆಕಾರ್ಡರ್ ಇರಲಿಲ್ಲ. ಅಪ್ಪನ ದನಿ ಮನೆಮನೆಗೆ ಅನ್ನುವ ಮಾತಿಗೆ ಸೋತು ಅರವತ್ತು ಪ್ಲೇಟು ಆರಿಸಿ ಕೊಟ್ಟಳು. ಎಲ್ಲಕ್ಕಿಂತ ಮೇಲೆ ಅಪ್ಪನದನ್ನು ಇಟ್ಟಳು.

ತಿಂಗಳು ಹೋಗಿ ವರ್ಷವಾಯಿತು. ಮಾರನೇ ದಸರಾ ಹೊತ್ತಿಗೆ ಪೆಟ್ಟಿಗೆ ಬಂತು. ಕೆಂಪು ರಟ್ಟಿನ ಡಬ್ಬ, ಚಿನ್ನದ ಅಕ್ಷರ, ಒಳಗೆ ಆರು ಕ್ಯಾಸೆಟ್. ಮುಚ್ಚಳದ ಮೇಲೆ ಯೋಗನರಸಿಂಹನ ಫೋಟೋ. ಕೆಳಗೆ, "ಇವರ ಮೂವತ್ತು ವರ್ಷಗಳ ಅಪೂರ್ವ ಸಂಗ್ರಹದಿಂದ." ಅಲಮೇಲಮ್ಮನ ಹೆಸರು ಎಲ್ಲೂ ಇಲ್ಲ. ಪಕ್ಕದ ಮನೆಯ ಟೇಪಿನಲ್ಲಿ ಹನ್ನೆರಡು ಮಗ್ಗುಲನ್ನೂ ಹಾಕಿ ಕೇಳಿದಳು. ಅಪ್ಪನೂ ಇಲ್ಲ.

ಸೋಪಿನ ರಟ್ಟಿನ ಡಬ್ಬದಲ್ಲಿ ಪ್ಲೇಟು ವಾಪಸ್ಸು ಬಂದವು. ಹನ್ನೊಂದು ಕಮ್ಮಿ. ಅಪ್ಪನದೂ ಅದರಲ್ಲಿ ಸೇರಿತ್ತು. ಅಂಗಡಿಗೆ ಹೋಗಿ ಕೇಳಿದಳು.

"ಲಾರೀಲಿ ಹೋಗಿ ಬರೋವಾಗ ಏನೋ ಹೆಚ್ಚುಕಮ್ಮಿ ಆಗಿದೆ. ಅರಗಿನ ಪ್ಲೇಟು ತಾನೇ ಮೇಡಂ, ಇವತ್ತಲ್ಲ ನಾಳೆ ಒಡೆಯೋವೇ," ಅಂದ ಯೋಗನರಸಿಂಹ, ಗಿರಾಕಿಗೆ ಸೆಲ್ಲು ಕಟ್ಟಿಕೊಡುತ್ತ.

"ನಮ್ಮಪ್ಪಂದು?"

"ಅದ್ರಲ್ಲಿ ಹಾಡೇ ಇರ್ಲಿಲ್ಲವಲ್ಲ."

ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಅವಳು ಮೆಟ್ಟಿಲಿಳಿದಳು. ಆ ದಿನ ಡ್ಯೂಟಿಯಲ್ಲಿ ಅವಳು ಜೋಡಿಸಿದ ಮೂರು ಟ್ರಂಕ್ ಕಾಲ್ ತಪ್ಪು ಊರಿಗೆ ಹೋದವು. ಆದರೆ ಕಣ್ಣೀರು ಬರಲಿಲ್ಲ. ಇವನನ್ನು ಸುಮ್ಮನೆ ಬಿಡಬಾರದು ಅನ್ನುವುದೊಂದೇ ಎದೆಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಎಂಬತ್ಮೂರರ ಒಂದು ಬೆಳಗ್ಗೆ ದಾರಿ ತಾನಾಗಿಯೇ ತೆರೆಯಿತು. ಯೋಗನರಸಿಂಹ ಅಂಗಡಿಯಿಂದ ಕುಣಿಗಲ್ಲಿಗೆ ಕಾಲ್ ಬುಕ್ ಮಾಡಿದ. ಎರಡೂ ಕಡೆ ಮಾತು ಶುರುವಾದ ಮೇಲೆ ಆಪರೇಟರು ಲೈನು ಬಿಡಬೇಕು. ಅದು ನಿಯಮ. ಅಲಮೇಲಮ್ಮ ಬಿಡಲಿಲ್ಲ. ಅವನು ಎರಡನೇ ಪೆಟ್ಟಿಗೆಗೆ ಪ್ಲೇಟು ಹುಡುಕುತ್ತಿದ್ದ. ಕುಣಿಗಲ್ಲಿನ ಒಬ್ಬ ರಿಟೈರ್ಡ್ ಮೇಷ್ಟರ ಮನೆಯಲ್ಲಿ ಒಂದು ಕಟ್ಟು ಇದೆಯಂತೆ, ಭಾನುವಾರ ಬರುತ್ತಾನಂತೆ.

ಶನಿವಾರವೇ ಅವಳು ಆ ಮೇಷ್ಟರ ಜಗುಲಿಯ ಮೇಲೆ ಕೂತಿದ್ದಳು.

ಎರಡು ವರ್ಷ ಹಾಗೇ ನಡೆಯಿತು. ಅವನು ಫೋನಿನಲ್ಲಿ ಊರು ಹೇಳುವುದು, ಇವಳು ಹಿಂದಿನ ದಿನವೇ ಹೋಗಿ ತರುವುದು. ಕೋರದಲ್ಲಿ, ಗುಬ್ಬಿ ಪೇಟೆಯಲ್ಲಿ, ಹೋದಲ್ಲೆಲ್ಲ ಅವನಿಗೆ ಒಂದೇ ಉತ್ತರ. "ನಿನ್ನೆ ತಾನೇ ಒಬ್ರು ಹೆಂಗಸ್ರು ಬಂದು ತಗೊಂಡು ಹೋದ್ರಲ್ಲ ಸಾರ್!" ಅದನ್ನು ಅವನು ಮದರಾಸಿಗೆ ಫೋನು ಮಾಡಿ ಹೇಳಿಕೊಂಡು ಗೋಳಾಡುವಾಗ ಅವಳು ನಗು ತಡೆಯಲಾರದೆ ಸೆರಗು ಕಚ್ಚಿಕೊಳ್ಳುತ್ತಿದ್ದಳು. ತಂದ ಪ್ಲೇಟುಗಳನ್ನು ಮೊದಲಿನಂತೆ ಕೂತು ಕೇಳುವುದೂ ನಿಂತುಹೋಗಿತ್ತು. ಅವನಿಗೆ ಸಿಗಲಿಲ್ಲವಲ್ಲ, ಅಷ್ಟೇ ಸಾಕಾಗಿತ್ತು.

ಎಂಬತ್ತೈದರಲ್ಲಿ ಮದರಾಸಿನವರಿಗೆ ಬೇಸರ ಬಂತು. ಪುಟ್ಟಗಂಗಮ್ಮನ ಪ್ಲೇಟು ಸಿಕ್ಕರೆ ಎರಡನೇ ಪೆಟ್ಟಿಗೆ, ಇಲ್ಲದಿದ್ದರೆ ಇಲ್ಲ ಅಂದುಬಿಟ್ಟರು. ಪುಟ್ಟಗಂಗಮ್ಮ ಇಪ್ಪತ್ತೆರಡನೇ ವಯಸ್ಸಿಗೇ ಸತ್ತ ಕಂಪನಿ ನಟಿ. ಹಾಡಿದ್ದು ಒಂದೇ ಪ್ಲೇಟು. ಅದನ್ನು ಕಂಡವರಿರಲಿಲ್ಲ.

"ಗೊತ್ತಾಗಿದೆ ಸಾರ್," ಅಂದ ಯೋಗನರಸಿಂಹ, ಮದರಾಸಿನವರಿಗೆ ಫೋನಿನಲ್ಲಿ. "ಕೊತ್ತಗೆರೇಲಿ ಅವಳ ಅಕ್ಕ ಇದಾಳೆ. ಭಾನುವಾರ ಹೋಗಿ ತರ್ತೀನಿ."

ಅಲಮೇಲಮ್ಮ ರಜೆ ಹಾಕಿ, ಗ್ರಾಮಫೋನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು.

ಅಕ್ಕ ದೊಡ್ಡಗಂಗಮ್ಮನಿಗೆ ಎಪ್ಪತ್ತರ ಮೇಲಾಗಿತ್ತು. ತೆಂಗಿನ ತೋಟದ ಅಂಚಿನ ಮನೆ. ತಂಗಿಯ ಪ್ಲೇಟನ್ನು ಮದುವೆ ಸೀರೆಯೊಳಗೆ ಮಡಿಸಿಟ್ಟಿದ್ದಳು. "ಅವ್ಳು ಸತ್ ವರ್ಷ ಗೌಡ್ರ ಮನೇಲಿ ಒಂದ್ಸಲ ಹಾಕಿದ್ರು ಕಣವ್ವ. ಆಮೇಕೆ ಕೇಳೇ ಇಲ್ಲ," ಅಂದಳು.

ಅಲಮೇಲಮ್ಮ ಕೀ ಕೊಟ್ಟು ಮುಳ್ಳು ಇಟ್ಟಳು. ಗಂಡನನ್ನು ಯುದ್ಧಕ್ಕೆ ಕಳಿಸುವ ಹೆಣ್ಣೊಬ್ಬಳ ಪದ. ತೆಳ್ಳಗಿನ, ಒಂದಿಷ್ಟೂ ಅಳುಕದ ದನಿ. ದೊಡ್ಡಗಂಗಮ್ಮ ಪೆಟ್ಟಿಗೆಯ ಹತ್ತಿರ ಕಿವಿ ತಂದು, "ಗಂಗೀ, ಲೇ ಗಂಗೀ," ಅನ್ನುತ್ತಲೇ ಇದ್ದಳು. ಹಾಡು ಮುಗಿದ ಮೇಲೆ ಮೂಗೊರೆಸಿಕೊಂಡು ಅಂದಳು:

"ನಂಗೇನೂ ಕೊಡ್ಬೇಡ. ತಗೊಂಡೋಗಿ ಕ್ಯಾಸೆಟ್ ಮಾಡ್ಸು. ನಾಟ್ಕಕ್ಕೆ ಹೋದ್ಲು ಅಂತ ಈ ಊರೋರು ಅವ್ಳುನ್ನ ಬಾಯಿಗ್ ಬಂದಂಗ್ ಬೈದ್ರು. ಅವ್ರೆಲ್ಲ ಕೇಳ್ಬೇಕು."

"ಮಾಡಿಸ್ತೀನಿ ಅಮ್ಮಾ," ಅಂದಳು ಅಲಮೇಲಮ್ಮ. ಆಗ ಹಾಗೇ ಅಂದುಕೊಂಡೂ ಇದ್ದಳು.

ಭಾನುವಾರ ಕೊತ್ತಗೆರೆಗೆ ಹೋದ ಯೋಗನರಸಿಂಹನಿಗೆ ದೊಡ್ಡಗಂಗಮ್ಮ ಪ್ಲೇಟು ತಗೊಂಡುಹೋದವಳ ಹೆಸರನ್ನೇ ಹೇಳಿದಳು. ಸೋಮವಾರ ಸಂಜೆ ಅವನು ಅಲಮೇಲಮ್ಮನ ಬಾಗಿಲಲ್ಲಿದ್ದ.

"ಫೋನಲ್ಲಿ ಕದ್ದು ಕೇಳಿದೀರ. ಕಂಪ್ಲೇಂಟ್ ಕೊಟ್ರೆ ಏನಾಗುತ್ತೆ ಗೊತ್ತಾ?"

"ಕೊಡಿ."

ಅವನ ಜೋರು ಇಳಿಯಿತು. ಕುರ್ಚಿಯಲ್ಲಿ ಕೂತು ಕರ್ಚೀಫು ತೆಗೆದು ಮುಖ ಒರೆಸಿಕೊಂಡ. "ನೋಡಿ, ಈ ಸಲ ನಿಮ್ಮ ಹೆಸರು ಹಾಕಿಸ್ತೀನಿ. ತಂದೆಯವರದ್ದೂ. ಆ ಪ್ಲೇಟು ಕೊಡಿ ಮೇಡಂ."

"ಅಪ್ಪನ ಪ್ಲೇಟು ಏನಾಯ್ತು? ನಿಜ ಹೇಳಿ."

ನಿಜ ಹೇಳಿದರೆ ಕರಗಿಯಾಳು ಅಂದುಕೊಂಡನೋ ಏನೋ, ಹೇಳಿಬಿಟ್ಟ. "ಅದು ಒಡೆದಿರ್ಲಿಲ್ಲ. ಸ್ಟುಡಿಯೋದವ್ರು ಟೀ ಲೋಟ ಇಡೋಕೆ ಚೆನ್ನಾಗಿದೆ ಅಂದ್ರು. ಹಾಡಿಲ್ಲದ್ದು ತಾನೇ, ಇಟ್ಕೊಳ್ಳಿ ಅಂದೆ."

ಅಲಮೇಲಮ್ಮ ಎದ್ದು ಒಳಗೆ ಹೋಗಿ ಗ್ರಾಮಫೋನು ತಂದಿಟ್ಟಳು. ಪುಟ್ಟಗಂಗಮ್ಮನ ಪ್ಲೇಟು ಹಾಕಿದಳು. ಯೋಗನರಸಿಂಹ ಕಣ್ಣು ಮುಚ್ಚಿದ. ಮೋಸಗಾರನಾದರೂ ಕಿವಿಯಿದ್ದವನು. ಎರಡನೇ ಸಾಲಿಗೇ ಅವನ ಕೆನ್ನೆ ಒದ್ದೆಯಾಯಿತು. ಅವಳು ಅದನ್ನು ಕೊನೆಯವರೆಗೂ ನೋಡುತ್ತ ನಿಂತಿದ್ದಳು. ಹಾಡು ಮುಗಿಯಿತು. ಪ್ಲೇಟು ತೆಗೆದು, ಎರಡೂ ಕೈಯಲ್ಲಿ ಎತ್ತಿ ಮೇಜಿನ ಅಂಚಿಗೆ ಬಡಿದಳು.

ಅವನು ಕೂಗಿಕೊಂಡು ನೆಲಕ್ಕೆ ಕುಸಿದ. "ಇದೊಂದೇ ಇದ್ದದ್ದು! ಲೋಕದಲ್ಲಿ ಇದೊಂದೇ ಇದ್ದದ್ದು ಕಣ್ರೀ!"

"ನಮ್ಮಪ್ಪಂದೂ ಒಂದೇ ಇದ್ದದ್ದು," ಅಂದಳು.

ಎರಡನೇ ಪೆಟ್ಟಿಗೆ ಬರಲಿಲ್ಲ. ಅವನು ಕಂಪ್ಲೇಂಟು ಕೊಟ್ಟ. ವಿಚಾರಣೆ ನಡೆದು ಅವಳನ್ನು ಕಾಲ್ ಜೋಡಿಸುವ ಬೋರ್ಡಿನಿಂದ ತೆಗೆದು ಬಿಲ್ ಸೆಕ್ಷನ್ನಿಗೆ ಹಾಕಿದರು. ಅದಕ್ಕೆಲ್ಲ ಅವಳು ಸಿದ್ಧಳಾಗಿಯೇ ಇದ್ದಳು. ಸಿದ್ಧಳಿಲ್ಲದಿದ್ದದ್ದು ಕೊತ್ತಗೆರೆಗೆ ಹೋಗಿ ಮುಖ ತೋರಿಸುವುದಕ್ಕೆ.

ತಿಂಗಳು ಕಳೆದ ಮೇಲೆ, ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ಅವಳನ್ನು ಕಂಡದ್ದೇ ದೊಡ್ಡಗಂಗಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬರ್ರೇ, ನಮ್ ಗಂಗಿ ಹಾಡು ತಂದವ್ರೆ!" ಆರೇಳು ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಬಂದು ಜಗುಲಿಯ ಮೇಲೆ ಕೂತರು.

ಬಸ್ಸಿನ ಕುಲುಕಾಟಕ್ಕೆ ಒಡೆಯಿತು ಅನ್ನಬಹುದಿತ್ತು. ಅಲಮೇಲಮ್ಮ ಅನ್ನಲಿಲ್ಲ. ಗಂಟು ಬಿಚ್ಚಿ, ಅಷ್ಟೂ ಜನರ ಎದುರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ದೊಡ್ಡಗಂಗಮ್ಮ ಒಂದು ಚೂರನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದಳು. "ನಿಂಗೂ ಅವ್ನಿಗೂ ಜಗಳ. ನಮ್ ಗಂಗಿ ಏನ್ ಮಾಡಿದ್ಲವ್ವ ನಿಂಗೆ?"

ಅಲಮೇಲಮ್ಮ ಬಟ್ಟೆಯ ಸಮೇತ ಚೂರುಗಳನ್ನು ಮುದುಕಿಯ ಕಡೆಗೆ ಸರಿಸಿದಳು.

"ಇದ್ರಾಗೆ ಅವ್ಳ ಹೆಸ್ರು ಯಾವ್ದು?"

ನಡುವಿನ ಕೆಂಪು ಕಾಗದವಿದ್ದ ಚೂರನ್ನು ಅಲಮೇಲಮ್ಮ ಆರಿಸಿ ಕೊಟ್ಟಳು. ಮುದುಕಿ ಅಕ್ಷರದ ಮೇಲೆ ಬೆರಳಾಡಿಸಿ, ಅದನ್ನು ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡಳು. "ಮಿಕ್ಕಿದ್ದು ನೀನೇ ತಗೊಂಡೋಗು," ಅಂದು ಒಳಗೆ ಹೋದಳು. ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಕುಡಿಯಲು ನೀರು ಬೇಕೇ ಎಂದು ಯಾರೂ ಕೇಳಲಿಲ್ಲ.

ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಅಲಮೇಲಮ್ಮ ರಸ್ತೆಯ ಪಕ್ಕದ ಹುಣಸೆಮರದ ಕೆಳಗೆ ಗಂಟು ಹಿಡಿದು ನಿಂತಳು. ಮೇಜಿನ ಪಕ್ಕ ನೆಲಕ್ಕೆ ಕುಸಿದಿದ್ದ ಯೋಗನರಸಿಂಹನನ್ನು ನೆನೆದಳು. ಹೊಟ್ಟೆ ಆಗಲೂ ತಣ್ಣಗಾಯಿತು, ಅದು ಸುಳ್ಳಲ್ಲ. ಆದರೆ ದೊಡ್ಡಗಂಗಮ್ಮನ ಮನೆಯ ಕಡೆ ತಿರುಗಿ ನೋಡುವ ಧೈರ್ಯ ಬಸ್ಸು ಬರುವವರೆಗೂ ಬರಲಿಲ್ಲ.