ಸೋದರಮಾವನ ತೊಡೆಯ ಮೇಲೆ

ನನ್ನ ಮಗನ ಕಿವಿ ಚುಚ್ಚಲು ಆಚಾರಿ ಚಿನ್ನದ ತಂತಿ ಎತ್ತಿದ್ದೇ ತಡ, ಸೋದರಮಾವನಾಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ನನ್ನ ತಮ್ಮ ಅದರ ಕಿವಿಯನ್ನು ಅಂಗೈಯಿಂದ ಮುಚ್ಚಿಬಿಟ್ಟ. ತೊಂಬತ್ತರ ದಶಕ ಅದು. ಗುಬ್ಬಿಯ ನಮ್ಮ ಮನೆ ತುಂಬ ನೆಂಟರಿದ್ದರು.

"ಬ್ಯಾಡ ಕಣಕ್ಕ, ಮೊದ್ಲು ರಕ್ತ ಟೆಸ್ಟ್ ಮಾಡ್ಸು. ನಂಗಿರೋದು ಇವ್ನಿಗೂ ಇರ್ಬೋದು."

ಹುಟ್ಟಿದಾಗಿನಿಂದಲೂ ತಮ್ಮನಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. "ನಂಗಾಗ್ಲಿ ಇವ್ನಪ್ಪಂಗಾಗ್ಲಿ ಏನೂ ಇಲ್ವಲ್ಲೋ!" ಎಂದೆ.

"ನಿಂಗಿಲ್ದಿದ್ರೂ ನಿನ್ನಿಂದ ಬರ್ಬೋದಂತೆ ಕಣಕ್ಕ, ಡಾಕ್ಟ್ರು ಹೇಳವ್ರೆ."

ನನಗೊಂದೂ ಅರ್ಥವಾಗಲಿಲ್ಲ. ಆಚಾರಿ ತಂತಿಯನ್ನು ಮತ್ತೆ ಡಬ್ಬಿಗೆ ಹಾಕಿಕೊಂಡರು.

ಮಗನನ್ನು ನೋಡಿದವರೆಲ್ಲ "ಥೇಟ್ ಸೋದರಮಾವನೇ" ಎಂದಾಗ ಹಿಗ್ಗುತ್ತಿದ್ದೆ. ಟೆಸ್ಟೂ ಹಾಗೆಯೇ ಹೇಳಿತು: ಮಾವನ ಕಾಯಿಲೆ ಇವನಿಗೂ ಇದೆ. ಈಗ ಯಾರಾದರೂ ಹಾಗೆಂದರೆ ಹೌದೆನ್ನಲು ನಾಲಿಗೆ ಏಳುವುದಿಲ್ಲ. ತಮ್ಮ ಎದುರಿಗಿದ್ದರೆ ಅಲ್ಲವೆನ್ನಲೂ ಏಳುವುದಿಲ್ಲ.