ಲ್ಯಾಬಿಗೆ ಹೋಗೋ ನೀರು

ಗೆಳೆಯರೇ, ಕುಡಿಯೋ ನೀರಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸೋಕೆ ಇವತ್ತು ಬೆಳಿಗ್ಗೆ ನಮ್ಮ ಗುರುಗ್ರಾಮದ ಟವರಲ್ಲಿ ಮನೆಮನೆಗೂ ಹೋಗಿ ಬಾಟಲಿ ತಗೊಂಡು ಬಂದೆ. ನಿಯಮ ಇಷ್ಟೇ: ರಾತ್ರಿಯೆಲ್ಲ ಪೈಪಲ್ಲಿ ನಿಂತಿದ್ದ ನೀರನ್ನು ಬೆಳಿಗ್ಗೆ ಮೊದಲ ಸಲ ನಲ್ಲಿ ತಿರುಗಿಸಿದಾಗಲೇ ಹಿಡಿಯಬೇಕು.

ನಾಲ್ಕನೇ ಮಹಡಿಯ ಖನ್ನಾ ಅಂಕಲ್ ಹೆಮ್ಮೆಯಿಂದ ಬಾಟಲಿ ಕೊಟ್ಟರು. "ಬೇಟಾ, ಆರ್‌ಓ ಫಿಲ್ಟರ್ ನೀರೇ ತುಂಬಿಸಿದೀನಿ. ಲ್ಯಾಬ್‌ನವರ ಮುಂದೆ ನಮ್ಮ ಟವರ್ ಮರ್ಯಾದೆ ಹೋಗಬಾರದು."

ನಾನು ಕೆಮಿಸ್ಟ್ರಿ ಓದಿದವಳು, ಬಿಡಲಿಲ್ಲ. "ಅಂಕಲ್, ಪರೀಕ್ಷೆ ನಲ್ಲಿ ನೀರಿಗೆ, ಫಿಲ್ಟರಿಗಲ್ಲ."

"ನಲ್ಲಿ ನೀರು ಇಲ್ಲಿ ಯಾರು ಕುಡೀತಾರೆ?"

ಅಷ್ಟರಲ್ಲಿ ಅವರ ಸೊಸೆ ನೇಹಾ ಮಗುವನ್ನೆತ್ತಿಕೊಂಡು ಬಂದಳು. ಕೈಯಲ್ಲಿ ಇನ್ನೊಂದು ಬಾಟಲಿ.

"ಎದ್ದ ತಕ್ಷಣ ನಾನೇ ನಲ್ಲಿಯಿಂದ ಹಿಡಿದಿಟ್ಟೆ. ಫಿಲ್ಟರ್ ನಿಧಾನ ಪಾಪಾಜಿ. ಇವನ ಹಾಲಿನ ಪುಡಿಗೆ ನಲ್ಲಿ ನೀರನ್ನೇ ಕಾಯಿಸಿ ಹಾಕ್ತೀನಿ."

"ಕಾಯಿಸಿದರೆ ಸೀಸ ಹೋಗಲ್ಲ ನೇಹಾ," ಅಂದೆ.

ಅಂಕಲ್ ಮೊಮ್ಮಗನನ್ನು ಎತ್ತಿಕೊಂಡರು. ಆಮೇಲೆ ತಮ್ಮ ಬಾಟಲಿ ವಾಪಸ್ ಇಸ್ಕೊಂಡು, ಸೊಸೆಯ ಬಾಟಲಿ ಮೇಲೆ ತಾವೇ ಮನೆ ನಂಬರ್ ಬರೆದುಕೊಟ್ಟರು. "ರಿಪೋರ್ಟ್ ಬರೋವರೆಗೂ ಇವನಿಗೆ ಆರ್‌ಓ ನೀರೇ," ಅಂತ ನೇಹಾಗೆ ಹೇಳಿದರು.

ನಾನು ಐದನೇ ಮಹಡಿ ಹತ್ತೋಷ್ಟರಲ್ಲಿ ಟವರ್‌ನ ವಾಟ್ಸಾಪ್ ಗ್ರೂಪಿಗೆ ಅಂಕಲ್ ಮೆಸೇಜ್ ಬಂತು: "ಕೆಲವರು ಫಿಲ್ಟರ್ ನೀರು ಕೊಡ್ತಿದ್ದಾರೆ ಅಂತ ತಿಳಿದುಬಂದಿದೆ. ದಯವಿಟ್ಟು ಹಾಗೆ ಮಾಡಬೇಡಿ."

ಮೊದಲ ಲೈಕ್ ನೇಹಾದು. ಎರಡನೇದು ನಂದು.