ಪಕ್ಕದ ಮನೆಯ ಸೊಸೆಯ ಊಟ

ಮಕ್ಕಳೇ, ನಾರಾಯಣಖೇಡದಲ್ಲಿ ನಮ್ಮ ಪಕ್ಕದ ಮನೆಗೆ ಬಂದಿದ್ದ ಸೊಸೆಯನ್ನು ನೀವು ನೋಡಿಲ್ಲ. ಮಾತಾಡುವಾಗ ಸೆರಗಿನ ತುದಿಯಿಂದ ಗದ್ದ ಮುಚ್ಚಿಕೊಳ್ಳುತ್ತಿದ್ದಳು; ಅಲ್ಲಿ ಕೂದಲು ಬೆಳೆಯುತ್ತಿತ್ತು. ತಿಂಗಳುಗಟ್ಟಲೆ ಮುಟ್ಟಾಗುತ್ತಿರಲಿಲ್ಲ. ಜಹೀರಾಬಾದಿನ ಡಾಕ್ಟರಮ್ಮ ಇದು ಪಿಸಿಓಎಸ್, ಇನ್ಸುಲಿನ್ ಮೈಗೆ ಸರಿಯಾಗಿ ಹತ್ತುತ್ತಿಲ್ಲ ಎಂದು ಹೇಳಿ ಗುಳಿಗೆ ಕೊಟ್ಟಿದ್ದರು. ಅದನ್ನು ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅವಳಿಗೆ ವಾಂತಿ. ಆದರೆ ಆ ಮನೆಯಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ.

ಹಾಗಾಗಿ ಮಧ್ಯಾಹ್ನ ನೀರಿನ ನೆಪದಲ್ಲಿ ಕೊಡ ಹಿಡಿದು ನಮ್ಮ ಅಡುಗೆಮನೆಗೆ ಬರುತ್ತಿದ್ದಳು.

"ಆಯಿ, ಒಂದ ರೊಟ್ಟಿ ಸಾಕ್ರಿ," ಎನ್ನುವಳು ದಿನಾಲೂ. ಗೋಡೆಯಾಚೆಗೆ ಕಿವಿಯಿಟ್ಟು, ನಿಂತುಕೊಂಡೇ ತಿಂದು ಗುಳಿಗೆ ನುಂಗುವಳು. "ನಿಮ್ಮ ರೊಟ್ಟಿ ಕಡಕ್ ಆಗ್ಯಾದ್ರಿ. ಆದ್ರೂ ನಮ್ಮತ್ತಿ ಮಾತಿಗಿಂತ ಮೆತ್ತಗದ," ಎಂದು ನಗುವಳು.

ಒಂದು ದಿನ ಕೊಡವಿಲ್ಲದೆ ಬಂದು ಹೊಸ್ತಿಲಾಚೆಯೇ ನಿಂತಳು.

"ಯಾಕವ್ವ, ಬಾ ಒಳಗ."

"ಇವತ್ತ ಒಳಗ ಬರಂಗಿಲ್ರಿ ಆಯಿ."

ಮುಟ್ಟಾದವರು ಅಡುಗೆಮನೆಗೆ ಬರಬಾರದೆನ್ನುವ ಊರು ನಮ್ಮದು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿರಲಿಲ್ಲ. ಗದ್ದದ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳಿದಿರಲಿಲ್ಲ.

ಈಗ ಗಂಡನೊಂದಿಗೆ ತಾಂಡೂರಿನಲ್ಲಿದ್ದಾಳೆ. ಗುಳಿಗೆ ಬಿಟ್ಟಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಾಳೆ. ಅದು ನಿಜವೇ ಇರಬೇಕು. ಆದರೂ ಅವಳು ಒಮ್ಮೆ ನನ್ನೆದುರು ಚಾಪೆಯ ಮೇಲೆ ಕೂತು, ಯಾವ ಅವಸರವೂ ಇಲ್ಲದೆ ಹೊಟ್ಟೆ ತುಂಬ ಉಣ್ಣುವುದನ್ನು ನೋಡಬೇಕೆಂದು ನನ್ನ ಜೀವ ಹಂಬಲಿಸುತ್ತದೆ.